ಹಿಂಡಿದ ಮೇಲೆ ಬೀಗ

ಕಡಲ ತಳದಲ್ಲಿ ಮನುಷ್ಯರು ಸಂಸಾರ ಹೂಡಿದಂತೆ ತಿಂಗಳುಗಟ್ಟಲೆ ಇರಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಬೇಲೇಕೇರಿಯಿಂದ ಪಶ್ಚಿಮಕ್ಕೆ ನೂರರವತ್ತು ಕಿಲೋಮೀಟರ್ ದೂರದಲ್ಲಿ, ಸಾವಿರದ ನೂರ ನಲವತ್ತು ಮೀಟರ್ ಆಳದಲ್ಲಿ ‘ನೀಲಗರ್ಭ’ ಎಂಬ ಠಾಣೆ ಕೂತಿತ್ತು. ಮೂರು ಉಕ್ಕಿನ ಗೋಳಗಳು, ಅವುಗಳ ನಡುವೆ ಬಗ್ಗಿಕೊಂಡು ದಾಟುವಷ್ಟು ಅಗಲದ ಕೊಳವೆಗಳು, ಒಳಗೆ ಮೂರು ಜನ. ಬಿಸಿಲನ್ನೇ ಕಾಣದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಔಷಧಿ ಹುಡುಕುವುದು ಅವರ ಕೆಲಸ. ದಡಕ್ಕೂ ಅವರಿಗೂ ನಡುವೆ ಇದ್ದದ್ದು ಒಂದೇ ಒಂದು ಫೈಬರ್ ಕೇಬಲ್. ಅದರೊಳಗಿನ ಕೂದಲೆಳೆಯಂಥ ಗಾಜಿನಲ್ಲಿ ಎಲ್ಲವೂ ಹರಿದುಬರುತ್ತಿತ್ತು: ಪ್ರಯೋಗದ ಚಿತ್ರಗಳು, ಗಾಳಿಯ ಲೆಕ್ಕ, ಸಂಜೆಯ ವಿಡಿಯೋ ಹರಟೆ.

ಮಂಗಳವಾರ ಬೆಳಿಗ್ಗೆ ಐದು ನಲವತ್ತಕ್ಕೆ ಆ ಕೇಬಲ್ ತುಂಡಾಯಿತು.

ಮೇದಿನಿ ನಾಯಕ ಆಗ ಹಿತ್ತಿಲಲ್ಲಿ ಬಸಳೆ ಚಪ್ಪರಕ್ಕೆ ನೀರು ಬಿಡುತ್ತಿದ್ದಳು. ನಲವತ್ತಮೂರರ ಹೆಂಗಸು, ನೀಲಗರ್ಭದ ದಡದ ಕೇಂದ್ರದಲ್ಲೇ ಇಂಜಿನಿಯರು. ಅವಳ ತಂಗಿ ಅವನಿ ಕೆಳಗಿನ ಮೂವರಲ್ಲಿ ಒಬ್ಬಳು. ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ಭೂಮಿಯ ಹೆಸರೇ ಇಟ್ಟಿದ್ದ. ಚಿಕ್ಕವಳು ಮಾತ್ರ ಹೋಗಿ ಕಡಲ ತಳ ಸೇರಿದ್ದಳು.

ಫೋನ್ ಮಾಡಿದವರು ಕೇಂದ್ರದ ಮುಖ್ಯಸ್ಥ ತಿಮ್ಮಪ್ಪ ಗುನಗ.

“ಮೇದಿನೀ, ಮೊದಲು ಕೇಳು. ಮೂವರೂ ಜೀವಂತ ಇದ್ದಾರೆ. ತಳದಲ್ಲಿ ಇಳಿಜಾರು ಕುಸಿದಿದೆ. ಠಾಣೆ ವಾಲಿದೆ, ಕೇಬಲ್ ಹೋಗಿದೆ. ಅವ್ವಿಗೆ ಹೇಗೆ ಹೇಳ್ತೀಯೋ ನೋಡು. ನೀ ಬಂದುಬಿಡು.”

ಅಡುಗೆಮನೆಯಲ್ಲಿ ತಾಯಿ ದೇವಮ್ಮ ಗಂಜಿಗೆ ನೀರಿಟ್ಟಿದ್ದಳು. ಮೇದಿನಿ ಸುತ್ತುಬಳಸದೆ ಹೇಳಿದಳು. ದೇವಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಒಂದೇ ಪ್ರಶ್ನೆ ಕೇಳಿದಳು: “ನಿಂಗೆ ಅಲ್ಲಿ ಎಂತಾರೂ ಮಾಡೂಕೆ ಆಗ್ತದ್ಯ?”

ಮೇದಿನಿ ಸ್ಕೂಟರ್ ಕೀಲಿ ತೆಗೆದುಕೊಂಡು ಹೊರಟಳು.

ಆಗುತ್ತದೆ ಎನ್ನುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಮೇದಿನಿಯ ವಿದ್ಯೆ ಕಂಪ್ರೆಷನ್. ದೊಡ್ಡ ಮಾಹಿತಿಯನ್ನು ಅರ್ಥ ಕೆಡದಂತೆ ಹಿಂಡಿ ಚಿಕ್ಕದು ಮಾಡುವುದು. ಠಾಣೆ ಕಟ್ಟುವ ಮುಂಚಿನ ಕಾಲದಲ್ಲಿ, ಕಡಲಿನೊಳಗಿನ ಸಂಪರ್ಕವೆಲ್ಲ ಶಬ್ದದ ಅಲೆಗಳಲ್ಲೇ ನಡೆಯಬೇಕಿದ್ದಾಗ, ಅವಳು ಏಳು ವರ್ಷ ಕೂತು ‘ಚಿಟಿಕೆ’ ಎಂಬ ಪ್ರೋಗ್ರಾಂ ಬರೆದಿದ್ದಳು. ಅಷ್ಟು ಬಿಗಿಯಾಗಿ ಹಿಂಡುವ ಪ್ರೋಗ್ರಾಂ ಆಗ ಬೇರೆಲ್ಲೂ ಇರಲಿಲ್ಲ. ಆಮೇಲೆ ಫೈಬರ್ ಬಂತು. ಹೊಳೆಯಷ್ಟು ಅಗಲದ ದಾರಿ ಸಿಕ್ಕಿದ ಮೇಲೆ ಹಿಂಡುವುದು ಯಾರಿಗೆ ಬೇಕು? ಅವಳ ವಿಭಾಗ ಮುಚ್ಚಿತು. ಈಗ ಅವಳಿಗೆ ಹಳೆಯ ದಾಖಲೆಗಳನ್ನು ಜೋಡಿಸಿಡುವ ಕೆಲಸ. ಬೆಳಿಗ್ಗೆ ಗುನಗರು ಕರೆದದ್ದು ಇಂಜಿನಿಯರನ್ನಲ್ಲ, ಅವನಿಯ ಅಕ್ಕನನ್ನು. ಕೇಂದ್ರದ ಬಾಗಿಲಲ್ಲಿ ಅವಳನ್ನು ಮನೆಯವರಿಗೆಂದು ತೆಗೆದಿಟ್ಟ ಕೋಣೆಗೆ ಕಳಿಸಿದರು. ಅಲ್ಲಿ ಫ್ಲಾಸ್ಕಿನಲ್ಲಿ ಚಹಾ ಇತ್ತು.

ಎಂಟು ಗಂಟೆಯವರೆಗೆ ಅವಳು ಅಲ್ಲೇ ಕೂತು ಗೋಡೆಯಾಚೆಯ ಮಾತುಗಳನ್ನು ಕೇಳಿಸಿಕೊಂಡಳು. ಠಾಣೆ ಹತ್ತೊಂಬತ್ತು ಡಿಗ್ರಿ ವಾಲಿದೆ. ಗಾಳಿ ಶುದ್ಧಮಾಡುವ ಗೋಳ ಒಡೆದಿದೆ. ಉಳಿದ ಗಾಳಿ ಸಂಜೆ ನಾಲ್ಕು ನಲವತ್ತರವರೆಗೆ ಮಾತ್ರ. ಪಾರಾಗಲು ‘ತೇಲುಗೂಡು’ ಇದೆ. ಮೂವರು ಕೂತು ಮೇಲೇರಿ ಬರಬಹುದಾದ ಪುಟ್ಟ ಕೋಶ. ಆದರೆ ಠಾಣೆ ಹನ್ನೆರಡು ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಕೋಶವನ್ನು ಠಾಣೆಗೆ ಕಚ್ಚಿಹಿಡಿದ ಹಿಡಿಕೆಗಳನ್ನು ಬಿಚ್ಚಲು ಕಂಪ್ಯೂಟರ್ ಒಪ್ಪುವುದಿಲ್ಲ. ಒರಟಾಗಿ ಬಿಚ್ಚಿದರೆ ಕೋಶ ಗೋಳಕ್ಕೇ ಅಪ್ಪಳಿಸಿ ಒಡೆಯುತ್ತದೆ. ಯಾವ ಹಿಡಿಕೆ ಯಾವಾಗ ಬಿಡಬೇಕು, ಎಷ್ಟು ಭಾರ ಕಳಚಬೇಕು ಎಂದು ಈ ಓರೆಗೆ ತಕ್ಕಂತೆ ಲೆಕ್ಕ ಹಾಕಿದ ಹೊಸ ಪ್ರೋಗ್ರಾಂ ಕೆಳಗೆ ಹೋಗಬೇಕು. ದಡದ ಇಂಜಿನಿಯರುಗಳು ಎಂಟು ಗಂಟೆಗೆ ಅದನ್ನು ತಯಾರು ಮಾಡಿ ಮುಗಿಸಿದರು.

ಆಗ ಯಾರೋ ಹೇಳಿದ್ದು ಗೋಡೆ ದಾಟಿ ಬಂತು: “ಹದಿನೈದು ಗಂಟೆ ಬೇಕು ಸರ್. ಮುಟ್ಟುವಾಗ ರಾತ್ರಿ ಹನ್ನೊಂದು.”

ಮೇದಿನಿ ಚಹಾ ಲೋಟ ಕೆಳಗಿಟ್ಟು ನಿಯಂತ್ರಣ ಕೊಠಡಿಗೆ ನುಗ್ಗಿದಳು.

“ಸೆಕೆಂಡಿಗೆ ಎಷ್ಟು ಹೋಗ್ತಿದೆ?”

ಗುನಗರು ತಿರುಗಿ ನೋಡಿದರು. ಹೊರಗೆ ಹೋಗು ಎನ್ನಲು ಬಾಯಿ ಬರಲಿಲ್ಲವೋ ಏನೋ, ಉತ್ತರ ಕೊಟ್ಟರು. “ಮುನ್ನೂರು ಅಕ್ಷರ. ಶಬ್ದದಲ್ಲಿ ಹೋಗಬೇಕಲ್ಲ. ಇಲ್ಲಿಂದ ಉಪಗ್ರಹ, ಅಲ್ಲಿಂದ ಕಡಲ ಮೇಲಿನ ತೇಲುಪೆಟ್ಟಿಗೆ, ಪೆಟ್ಟಿಗೆಯಿಂದ ಕೆಳಕ್ಕೆ ಶಬ್ದ. ಫೈಲು ಒಂದು ಕೋಟಿ ಅರವತ್ತು ಲಕ್ಷ ಅಕ್ಷರದ್ದು.”

“ಹಿಂಡಿ ಕಳಿಸ್ತಿಲ್ವಾ?”

“ಪೆಟ್ಟಿಗೆಯೇ ಹಿಂಡ್ತದೆ ಮಾರಾಯ್ತಿ. ನೋಡು, ಕಂಪ್ರೆಷನ್ ಚಾಲೂ ಅಂತ ಹಸಿರು ದೀಪ ಉರೀತಾ ಉಂಟು.”

ಅವಳು ಖಾಲಿ ಇದ್ದ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಲೆಕ್ಕ ತೆರೆದಳು. ಒಳಬಂದದ್ದು ನೂರು, ಹೊರಹೋದದ್ದು ನೂರಾ ಒಂದು. ಮತ್ತೊಂದು ಸಾಲು ನೋಡಿದಳು. ಅಲ್ಲೂ ನೂರಕ್ಕೆ ನೂರಾ ಒಂದು. ಪೆಟ್ಟಿಗೆ ಹಿಂಡುತ್ತಿರಲಿಲ್ಲ. ಹಿಂಡಲು ಹೋಗಿ, ಸೋತು, ‘ಆಗಲಿಲ್ಲ’ ಎಂಬ ಚೀಟಿಯನ್ನೂ ಸೇರಿಸಿ ಹೊರೆ ಹೆಚ್ಚಿಸುತ್ತಿತ್ತು.

ಅವಳು ಗುನಗರ ಕಡೆ ತಿರುಗಿದಳು.

“ಸರ್, ಬೀಗ ಎಲ್ಲಿ ಹಾಕ್ತಿದ್ದಾರೆ? ಎನ್‌ಕ್ರಿಪ್ಷನ್?”

ಉತ್ತರ ಕೊಟ್ಟವರು ಭದ್ರತೆಯ ಅಧಿಕಾರಿ ಸದಾನಂದ ಶಾನಭಾಗ. “ಇಲ್ಲೇ, ದಡದಲ್ಲೇ. ಇಲ್ಲಿಂದ ಹೊರಡೋದೆಲ್ಲ ಬೀಗ ಹಾಕಿಯೇ ಹೊರಡ್ತದೆ. ಠಾಣೆಯ ಚಿಪ್ ಬೀಗ ಇಲ್ಲದ್ದನ್ನು ಮುಟ್ಟೋದೂ ಇಲ್ಲ. ಬಾಗಿಲು ತೆರೆಯುವ ಆಜ್ಞೆ ಎಲ್ಲ ಇದೇ ದಾರೀಲಿ ಹೋಗ್ತದಲ್ಲ. ಕಂಡಕಂಡವರು ಅದನ್ನು ಕಳಿಸಿದ್ರೆ ಏನು ಗತಿ?”

“ಅಲ್ಲೇ ತಪ್ಪಿದ್ದು!” ಮೇದಿನಿ ಎದ್ದುನಿಂತಳು. “ಟ್ರಂಕಿಗೆ ಬಟ್ಟೆ ತುರುಕಿ ಬೀಗ ಹಾಕಿ, ಆಮೇಲೆ ಮೇಲೆ ಕೂತು ಒತ್ತಿದ್ರೆ ಟ್ರಂಕು ಚಿಕ್ಕದಾಗ್ತದಾ? ಮಡಿಸೋದು ಮೊದಲು, ಬೀಗ ಆಮೇಲೆ.”

ಕೊಠಡಿಯಲ್ಲಿ ಆರೇಳು ಜನ ಅವಳನ್ನೇ ನೋಡುತ್ತಿದ್ದರು. ಅವಳು ಬಿಡಿಸಿ ಹೇಳಿದಳು. ಕಂಪ್ರೆಷನ್ ಬದುಕುವುದು ಪುನರಾವರ್ತನೆಯ ಮೇಲೆ. ಮತ್ತೆ ಮತ್ತೆ ಬರುವುದನ್ನು ಒಮ್ಮೆ ಹೇಳಿ, ಮುಂದೆ ‘ಅದೇ’ ಎಂದರೆ ಸಾಕು. ಬೀಗದ ಕೆಲಸ ಇದಕ್ಕೆ ನೇರ ವಿರುದ್ಧ. ಒಳ್ಳೆಯ ಬೀಗ ಎಂದರೆ ಯಾವ ಪುನರಾವರ್ತನೆಯೂ ಕಾಣದಂತೆ ಎಲ್ಲವನ್ನೂ ಕಲಸಿಬಿಡುವುದು. ಅಕ್ಕಿ ಉದ್ದು ಸೇರಿಸಿ ರುಬ್ಬಿದ ಮೇಲೆ ಯಾವುದು ಅಕ್ಕಿ ಯಾವುದು ಉದ್ದು ಎಂದು ಹೆಕ್ಕಲು ಬರುವುದಿಲ್ಲ. ಪೆಟ್ಟಿಗೆ ಅದನ್ನೇ ಹೆಕ್ಕಲು ಹೊರಟಿತ್ತು. ಅಷ್ಟು ವೇಗದ ಫೈಬರ್ ಇದ್ದಾಗ ಈ ಹಸಿರು ದೀಪದ ಹಿಂದೆ ಏನು ನಡೆಯುತ್ತಿದೆ ಎಂದು ಯಾರೂ ನೋಡಿರಲಿಲ್ಲ.

“ಚಿಟಿಕೆಯನ್ನು ಬೀಗದ ಮುಂಚೆ ಇಟ್ರೆ ಈ ಫೈಲು ಮೂರರಲ್ಲಿ ಒಂದು ಪಾಲಾಗ್ತದೆ. ಐದು ಗಂಟೆ ಸಾಕು.”

ಗುನಗರು ಗಡಿಯಾರ ನೋಡಿದರು. ಶಾನಭಾಗರು ತಲೆ ಅಲ್ಲಾಡಿಸಿದರು.

“ಆಗೋದಿಲ್ಲ. ಹಿಂಡಿ ಬೀಗ ಹಾಕಬಾರದು ಅಂತ ನಿಯಮ ಇದೆ, ನಾನೇ ಬರೆದದ್ದು. ಎಷ್ಟು ಹಿಂಡಿತು ಅನ್ನೋದರ ಮೇಲೆ ಉದ್ದ ಬದಲಾಗ್ತದೆ. ಬೀಗ ಒಡೆಯದೆ ಬರೀ ಉದ್ದ ಅಳೆದೇ ಒಳಗಿನದನ್ನು ಊಹಿಸಬಹುದು. ಒಂದು ಅಣೆಕಟ್ಟಿನ ಪಾಸ್‌ವರ್ಡ್ ಹಾಗೇ ಕದ್ದಿದ್ರು.”

ಅವರು ಹಟಕ್ಕೆ ಹೇಳಿದ್ದಲ್ಲ, ಅವರ ಮಾತು ಸರಿಯೇ ಇತ್ತು. ಮೇದಿನಿಗೂ ಅದು ಗೊತ್ತಿತ್ತು.

“ಉದ್ದವೇ ಕಾಣದ ಹಾಗೆ ಮಾಡಿದ್ರೆ?” ಎಂದಳು. “ಹಿಂಡಿದ್ದನ್ನೆಲ್ಲ ಒಂದೇ ಅಳತೆಯ ಡಬ್ಬಿಗಳಲ್ಲಿ ತುಂಬೋಣ. ಡಬ್ಬಿ ತುಂಬದೇ ಹೋದ್ರೆ ಉಳಿದದ್ದಕ್ಕೆ ಕಸ ತುಂಬೋಣ. ಪ್ರತಿ ಡಬ್ಬಿಗೂ ಬೀಗ. ಹೊರಗೆ ನಿಂತವನಿಗೆ ಒಂದೇ ಥರದ ಡಬ್ಬಿಗಳ ಸಾಲು ಕಾಣ್ತದೆ, ಅಷ್ಟೇ.”

ಶಾನಭಾಗರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು, “ಎಷ್ಟು ದೊಡ್ಡ ಡಬ್ಬಿ?” ಎಂದರು. ತಾವೇ ಕೀಬೋರ್ಡ್ ಎಳೆದುಕೊಂಡು ಕೂತರು.

ಕೆಳಗೆ ಠಾಣೆಯ ಇಂಜಿನಿಯರ್ ಭಟ್ಕಳದ ಇಲಿಯಾಸ್ ಶಾಬಂದ್ರಿ. ಠಾಣೆಯ ಮುಖ್ಯಸ್ಥ ಡಾ. ಕುಸುಮಾಕರರ ಕೈ ಮುರಿದಿದ್ದರಿಂದ ಎಲ್ಲವೂ ಇಲಿಯಾಸ್ ಮತ್ತು ಅವನಿಯ ಮೇಲೆ ಬಿದ್ದಿತ್ತು. ಮೇದಿನಿ ಬರೆದು ಕಳಿಸಿದಳು: ನಿಮ್ಮ ಕಂಪ್ಯೂಟರಿನ ಹಳೆಯ ದಾಖಲೆಗಳಲ್ಲಿ ‘ಚಿಟಿಕೆ’ ಇರಬೇಕು, ಹುಡುಕಿ.

ಏಳು ನಿಮಿಷದ ನಂತರ ಪರದೆಯ ಮೇಲೆ ಉತ್ತರ ಮೂಡಿತು: “ಸಿಕ್ಕಿತು. ಧೂಳು ಹಿಡಿದಿದೆ. ಇದು ಯಾರು, ಮೇದಿನಿ ಮೇಡಮ್ಮಾ? ಇಲ್ಲೊಬ್ಬಳು ಕುಣೀತಿದ್ದಾಳೆ.”

ಕೊಠಡಿಯಲ್ಲಿ ಬೆಳಗಿನಿಂದ ಮೊದಲ ಸಲ ನಗು ಕೇಳಿತು.

ಹೊಸ ಕ್ರಮಕ್ಕೆ ಹೋಗಬೇಕೆಂದರೆ ಸಂಪರ್ಕ ಕಡಿದು ಮತ್ತೆ ಕಟ್ಟಬೇಕು. ಶಾನಭಾಗರು ಎಚ್ಚರಿಸಿದರು. ಬೀಗದ ಚಿಪ್ ದಿನಕ್ಕೆ ಐದು ಸಲ ಮಾತ್ರ ಪ್ರಯತ್ನಿಸಲು ಬಿಡುತ್ತದೆ. ಐದೂ ಮುಗಿದರೆ ಇಡೀ ದಿನ ಯಾರಿಗೂ ಬಾಗಿಲು ತೆರೆಯುವುದಿಲ್ಲ. ಶಬ್ದದ ದಾರಿಯಲ್ಲಿ ಗದ್ದಲ ಬಹಳವಿತ್ತು. ಮೊದಲ ಸಲ ಆಗಲಿಲ್ಲ, ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಸಂಪರ್ಕ ಕೂಡಿತು. ಗಂಟೆ ಒಂಬತ್ತೂವರೆ.

ಮೇದಿನಿ ಲೆಕ್ಕದ ಸಾಲನ್ನೇ ನೋಡುತ್ತಾ ನಿಂತಳು. ಒಳಬಂದದ್ದು ನೂರು, ಹೊರಹೋದದ್ದು ಮೂವತ್ತಾರು. ಮುಂದಿನ ಸಾಲಿನಲ್ಲಿ ಮೂವತ್ತನಾಲ್ಕು. ಅದರ ಮುಂದೆ ಮೂವತ್ತಮೂರು. ಹೋದಹೋದಂತೆ ಚಿಟಿಕೆ ಕಲಿಯುತ್ತಿತ್ತು. ಅವಳಿಗೆ ಕೂಗಬೇಕೆನಿಸಿತು. ಗುನಗರು ಅವಳಿಗಿಂತ ಮೊದಲೇ ಮೇಜು ಗುದ್ದಿ ಕೂಗಿದರು. “ಎರಡೂವರೆಗೆ ಮುಟ್ಟುತ್ತದೆ! ಎರಡು ಗಂಟೆ ಉಳೀತದೆ!”

ಹತ್ತೂವರೆಗೆ ಅವಳು ಹತ್ತು ನಿಮಿಷದ ದಾರಿಯಲ್ಲಿದ್ದ ಮನೆಗೆ ಬಂದಳು. ಮೂರೂ ಮನೆಯವರಿಂದ ಒಂದೊಂದು ಸಾಲು ಕೆಳಗೆ ಕಳಿಸಲು ಗುನಗರು ಒಪ್ಪಿದ್ದರು. ಒಂದು ಸಾಲು ಹೋಗಲು ಒಂದೆರಡು ಸೆಕೆಂಡು ಸಾಕು. ಅದಕ್ಕಿಂತ ಹೆಚ್ಚು ದಾರಿಯನ್ನು ತಡೆಯುವಂತಿರಲಿಲ್ಲ.

ಮನೆ ತುಂಬ ಅಕ್ಕಪಕ್ಕದ ಹೆಂಗಸರಿದ್ದರು. ಇಲಿಯಾಸನ ಹೆಂಡತಿ ಶಮೀಮಾ ಕೇಂದ್ರದ ವಸತಿಗೃಹದಿಂದ ಬಂದು ದೇವಮ್ಮನ ಪಕ್ಕ ಕೂತಿದ್ದಳು. ಇಬ್ಬರ ನಡುವೆ ಒಂದು ಮರದ ಹಲಗೆಯ ಮೇಲೆ ಬಾಂಗಡೆ ಹರಡಿತ್ತು. ಸುಮ್ಮನೆ ಕೂರಲಾರದೆ ಇಬ್ಬರೂ ಮೀನು ಹೆಚ್ಚುತ್ತಿದ್ದರು. ಶಮೀಮಾ ತನ್ನ ಸಾಲನ್ನು ಆಗಲೇ ಚೀಟಿಯಲ್ಲಿ ಬರೆದು, ಮಡಚಿ, ಮೇದಿನಿಯ ಕೈಗಿತ್ತಳು. ಬೇರೆ ಯಾರೂ ನೋಡಬಾರದು ಎಂದಳು. ಡಾ. ಕುಸುಮಾಕರರ ಹೆಂಡತಿ ಧಾರವಾಡದಿಂದ ಫೋನಿನಲ್ಲೇ ತಮ್ಮ ಸಾಲು ಹೇಳಿಯಾಗಿತ್ತು.

“ಅವ್ವಿ, ನೀ ಹೇಳು. ಒಂದೇ ಸಾಲು.”

ದಿನವಿಡೀ ಮಾತಾಡುವ ಹೆಂಗಸು ದೇವಮ್ಮ. ಅವನಿಯ ಜತೆ ಸಂಜೆಯ ಹರಟೆ ಶುರುವಾದರೆ ನಲವತ್ತು ನಿಮಿಷಕ್ಕೆ ಕಡಿಮೆ ಇಲ್ಲ. ಈಗ ಕತ್ತಿ ಕೆಳಗಿಟ್ಟು ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದಳು.

“ಒಂದು ಸಾಲಲ್ಲಿ ಎಂತ ಹೇಳೂದೆ ಮಗಾ?”

“ನಿಂಗೆ ತೋಚಿದ್ದು.”

“ಹಂಗಾದ್ರೆ ಬರಿ. ನಾ ಅಳ್ತಾ ಇಲ್ಲ. ನೀನೂ ಅಳೂಕಾಗ.”

ಹೇಳುತ್ತಿದ್ದಂತೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮೀನಿನ ಕೈ ಎಂದು ಒರೆಸಿಕೊಳ್ಳಲೂ ಆಗದೆ, ತೋಳಿಗೆ ಮುಖ ಒತ್ತಿಕೊಂಡಳು.

ಹನ್ನೊಂದಕ್ಕೆ ಮೂರು ಸಾಲುಗಳೂ ಕೆಳಗೆ ಹೋದವು. ಅವನಿಯ ಮಾರುತ್ತರ ತಡವಾಗಲಿಲ್ಲ: “ಅವ್ವಿಗೆ ಹೇಳು, ನಾನೂ ಅಳ್ತಾ ಇಲ್ಲ. ಇಬ್ರೂ ಸುಳ್ಳುಗಾರ್ತಿಯರು.”

ಹನ್ನೆರಡು ನಲವತ್ತಕ್ಕೆ, ಮೂರರಲ್ಲಿ ಎರಡು ಪಾಲು ಫೈಲು ಕೆಳಗೆ ಮುಟ್ಟುವ ಹೊತ್ತಿಗೆ, ಇಳಿಜಾರು ಮತ್ತೆ ಕುಸಿಯಿತು.

ಆರು ನಿಮಿಷ ಪರದೆ ಖಾಲಿ. ಆಮೇಲೆ ಇಲಿಯಾಸನ ಸಾಲು ಬಂತು: “ಇದ್ದೇವೆ. ಇಪ್ಪತ್ತಾರು ಡಿಗ್ರಿ. ನಿಧಾನವಾಗಿ ಜಾರುತ್ತಿದ್ದೇವೆ.”

ಹತ್ತೊಂಬತ್ತು ಡಿಗ್ರಿಗೆ ಮಾಡಿದ ಲೆಕ್ಕ ಇಪ್ಪತ್ತಾರು ಡಿಗ್ರಿಗೆ ಉಪಯೋಗವಿಲ್ಲ. ಮೂರು ಗಂಟೆ ಹೊತ್ತು ಹನಿಹನಿಯಾಗಿ ಕಳಿಸಿದ್ದೆಲ್ಲ ಕಸ. ಹೊಸ ಲೆಕ್ಕಕ್ಕೆ ಒಂದೂವರೆ ಗಂಟೆ, ಮತ್ತೆ ಶಬ್ದದಲ್ಲಿ ಕಳಿಸಲು ಐದು ಗಂಟೆ. ಗಾಳಿ ಇರುವುದು ನಾಲ್ಕೇ ಗಂಟೆಗೆ.

ಆ ಹೊತ್ತಿಗೆ ರೇಡಿಯೋದಲ್ಲಿ ಕ್ಯಾಪ್ಟನ್ ಮಿನೆಜಸ್ ಅವರ ಧ್ವನಿ ಕೇಳಿತು. ಅವರ ಹಡಗು ‘ಸಮುದ್ರಸಖಿ’ ಬೆಳಿಗ್ಗೆಯಿಂದ ಪೂರ್ತಿ ವೇಗದಲ್ಲಿ ಓಡಿ ಠಾಣೆಯ ನೆತ್ತಿಗೆ ಬಂದು ನಿಂತಿತ್ತು. ಹಡಗಿನಲ್ಲಿ ಒಂದು ನೀಲಿ ದೀಪವಿದೆ, ಉದ್ದನೆಯ ತಂತಿಯಲ್ಲಿ ಇಳಿಬಿಟ್ಟರೆ ನೀರಿನೊಳಗೆ ಬೆಳಕಿನಲ್ಲೇ ಮಾಹಿತಿ ಕಳಿಸಬಹುದು ಎಂದರು ಅವರು. ಶಬ್ದಕ್ಕಿಂತ ನಾಲ್ಕು ಸಾವಿರ ಪಟ್ಟು ವೇಗ. ಇಳಿಸಲು ಒಂದು ಗಂಟೆ ಬೇಕು.

“ಇಳಿಸಿ!” ಎಂದು ಗುನಗರು ಕಿರುಚಿಯೇಬಿಟ್ಟರು.

ನಿಯಂತ್ರಣ ಕೊಠಡಿಗೆ ಮತ್ತೆ ಜೀವ ಬಂತು. ಒಂದು ಮೂಲೆಯಲ್ಲಿ ಹೊಸ ಲೆಕ್ಕ, ಇನ್ನೊಂದು ಮೂಲೆಯಲ್ಲಿ ದೀಪದ ಆಳದ ಅಂಕಿ ಕೂಗುವವರು. ಆರುನೂರು ಮೀಟರ್. ಎಂಟುನೂರು. ಸಾವಿರ. ಎರಡು ಗಂಟೆ ಹತ್ತು ನಿಮಿಷಕ್ಕೆ ದೀಪ ಠಾಣೆಯಿಂದ ಮೂವತ್ತು ಮೀಟರ್ ಮೇಲೆ ನಿಂತಿತು. ಕಡಿಯದೆ ಉಳಿಸಿಕೊಂಡಿದ್ದ ಅದೇ ಸಂಪರ್ಕವನ್ನು ಶಬ್ದದ ದಾರಿಯಿಂದ ಬೆಳಕಿನ ದಾರಿಗೆ ಹೊರಳಿಸಿದರು. ಹೊಸ ಪ್ರೋಗ್ರಾಮೂ ಸಿದ್ಧವಾಯಿತು. ಎರಡು ಹದಿನೈದಕ್ಕೆ ಕಳಿಸಲು ಶುರು.

“ಐದು ಸೆಕೆಂಡಿನ ಕೆಲಸ,” ಎಂದರು ಗುನಗರು.

ಐದು ಸೆಕೆಂಡು ಕಳೆಯಿತು. ಒಂದು ನಿಮಿಷವೂ ಕಳೆಯಿತು. ಎಷ್ಟು ಹೋಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಕದಲಿದಂತೆ ಕಾಣಲಿಲ್ಲ. ಐದು ನಿಮಿಷಕ್ಕೆ ನೂರರಲ್ಲಿ ಮೂರು ಪಾಲೂ ತುಂಬಿರಲಿಲ್ಲ.

“ಬೆಳಿಗ್ಗೆಗಿಂತ ಒಂದೂವರೆ ಪಟ್ಟು ವೇಗ, ಅಷ್ಟೇ,” ಎಂದರು ಶಾನಭಾಗರು. “ಹೀಗೇ ಹೋದ್ರೆ ಇನ್ನೂ ಮೂರು ಗಂಟೆ.”

ಮೂರು ಗಂಟೆ ಎಂದರೆ ಐದೂಕಾಲು. ಗಾಳಿ ನಾಲ್ಕು ನಲವತ್ತಕ್ಕೆ ಮುಗಿಯುತ್ತದೆ.

“ಕುಸಿತದ ಕೆಸರು ಎದ್ದಿದೆ, ನೀರು ರಾಡಿಯಾಗಿದೆ,” ಎಂದರು ಕ್ಯಾಪ್ಟನ್ ಮಿನೆಜಸ್. “ಬೆಳಕು ದಾಟ್ತಿಲ್ಲ. ದೀಪ ಮೇಲೆಳೆದು ಬೇರೆ ಕಡೆಯಿಂದ ಇಳಿಸಬೇಕು. ಒಂದೂಮುಕ್ಕಾಲು ಗಂಟೆ ಕೊಡಿ.”

ಗುನಗರು ಹ್ಞೂ ಎನ್ನುವುದರಲ್ಲಿದ್ದರು.

“ತಡೀರಿ ಸರ್.” ಮೇದಿನಿ ದೀಪದ ಲೆಕ್ಕ ತೆರೆದಿದ್ದಳು. “ಕೆಸರಿದ್ರೆ ತಪ್ಪುಗಳು ಬರ್ಬೇಕಲ್ಲ? ಕಳಿಸಿದ್ದನ್ನೇ ಮತ್ತೆ ಕಳಿಸಬೇಕಾಗ್ತಿತ್ತು. ಇಲ್ಲಿ ಒಂದು ತಪ್ಪೂ ಇಲ್ಲ. ದೀಪ ಮಿನುಗೋದಕ್ಕಿಂತ ಸುಮ್ಮನಿರೋದೇ ಹೆಚ್ಚು. ದಾರಿ ಖಾಲಿ ಬಿದ್ದಿದೆ. ಕೆಳಗಿನವರು ತಗೊಳ್ತಾ ಇಲ್ಲ.”

“ಯಾಕೆ ತಗೊಳ್ತಾ ಇಲ್ಲ?”

ಆ ಪ್ರಶ್ನೆ ಮುಗಿಯುವ ಮೊದಲೇ ಅವಳಿಗೆ ಉತ್ತರ ಗೊತ್ತಾಗಿತ್ತು.

ಚಿಟಿಕೆ ಹಿಂಡುವ ರೀತಿಯೇ ಬೇರೆ. ಮುಂದೆ ಬರುವ ಅಕ್ಷರ ಯಾವುದಿರಬಹುದು ಎಂದು ಅದು ಪ್ರತಿ ಹೆಜ್ಜೆಗೂ ಊಹಿಸುತ್ತದೆ. ಊಹೆ ಸರಿಯಾದಷ್ಟೂ ಕಳಿಸಬೇಕಾದದ್ದು ಕಡಿಮೆ. ಆದರೆ ಆಚೆ ತುದಿಯಲ್ಲಿ ಬಿಡಿಸಿಕೊಳ್ಳುವ ಚಿಟಿಕೆಯೂ ಅದೇ ಊಹೆಗಳನ್ನೆಲ್ಲ, ಒಂದೂ ಬಿಡದೆ, ಮತ್ತೆ ಮಾಡಬೇಕು. ಹಿಂಡಲು ಎಷ್ಟು ಶ್ರಮವೋ ಬಿಡಿಸಲೂ ಅಷ್ಟೇ ಶ್ರಮ. ದಡದ ದೊಡ್ಡ ಯಂತ್ರಗಳಿಗೆ ಅದು ಲೆಕ್ಕಕ್ಕಿಲ್ಲ. ಕೆಳಗೆ ಇಲಿಯಾಸ್ ಬ್ಯಾಟರಿ ಉಳಿಸಲು ಕಂಪ್ಯೂಟರನ್ನು ಹತ್ತರಲ್ಲಿ ಒಂದು ಪಾಲು ಶಕ್ತಿಯಲ್ಲಿ ಓಡಿಸುತ್ತಿದ್ದ. ಶಬ್ದದಲ್ಲಿ ಹನಿಹನಿಯಾಗಿ ಬರುತ್ತಿದ್ದಾಗ ಒಂದು ಹನಿಗೂ ಮುಂದಿನ ಹನಿಗೂ ನಡುವೆ ಬಿಡಿಸಿಕೊಳ್ಳಲು ಬೇಕಾದಷ್ಟು ಬಿಡುವಿತ್ತು. ಈಗ ಹೊಳೆಯೇ ಬಂದು ಬಾಗಿಲಲ್ಲಿ ನಿಂತಿದೆ, ಒಳಗೆ ಒಬ್ಬ ಬಡಪಾಯಿ ಗಂಟು ಬಿಚ್ಚುತ್ತಾ ಕೂತಿದ್ದಾನೆ. ಅವಳು ಕಟ್ಟಿದ ಗಂಟು.

“ಚಿಟಿಕೆ ಸರ್,” ಎಂದಳು. “ತಡೀತಿರೋದು ನನ್ನ ಚಿಟಿಕೆ. ತೆಗೀಬೇಕು.”

ಮೊದಲು ಬೇಡವೆಂದವರು ಶಾನಭಾಗರು. “ಹುಚ್ಚಾ ನಿಂಗೆ? ಬೆಳಿಗ್ಗೆಯಿಂದ ನಮ್ಮನ್ನು ಕಾಪಾಡಿದ್ದೇ ಅದು! ಹಿಂಡದೆ ಕಳಿಸಿದ್ರೆ ಫೈಲು ಮೂರು ಪಟ್ಟಾಗ್ತದೆ.”

“ಆಗ್ಲಿ. ಹತ್ತು ಪಟ್ಟಾದ್ರೂ ಈ ದಾರಿಗೆ ಭಾರ ಇಲ್ಲ. ಬೀಗ ಬಿಚ್ಚೋಕೆ ಅವರ ಹತ್ರ ಬೇರೆ ಚಿಪ್ ಇದೆ. ಹಿಂಡಿದ್ದನ್ನು ಬಿಚ್ಚೋಕೆ ಇಲ್ಲ.”

“ಕೆಳಗಿನ ಕಂಪ್ಯೂಟರನ್ನೇ ಪೂರ್ತಿ ಶಕ್ತಿಗೆ ಏರಿಸು ಅಂದ್ರೆ?” ಎಂದರು ಗುನಗರು.

“ಬ್ಯಾಟರಿ ನೂರಕ್ಕೆ ಒಂಬತ್ತೇ ಪಾಲು ಉಳಿದಿದೆ ಅಂತ ಇಲಿಯಾಸ್ ಆಗಲೇ ಬರೆದಿದ್ದ. ಅದು ಹಿಡಿಕೆ ಬಿಚ್ಚೋಕೆ ಬೇಕು.”

ಗುನಗರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಎಲ್ಲರಿಗೂ ಗೊತ್ತಿದ್ದದ್ದನ್ನು ಶಾನಭಾಗರೇ ಬಾಯಿಬಿಟ್ಟು ಹೇಳಿದರು: ಚಿಟಿಕೆ ತೆಗೆಯಬೇಕೆಂದರೆ ಸಂಪರ್ಕ ಕಡಿದು ಮತ್ತೆ ಕಟ್ಟಬೇಕು. ಐದರಲ್ಲಿ ಮೂರು ಪ್ರಯತ್ನ ಬೆಳಿಗ್ಗೆಯೇ ಮುಗಿದಿವೆ. ಉಳಿದದ್ದು ಎರಡು. ಎರಡೂ ತಪ್ಪಿದರೆ ಕೆಳಗಿನ ಮೂವರಿಗೆ ಒಂದು ಅಕ್ಷರವನ್ನೂ ಕಳಿಸಲಾಗದು, ಬೆಳಕಿನಲ್ಲೂ ಆಗದು, ಶಬ್ದದಲ್ಲೂ ಆಗದು.

“ನಿನ್ನ ಲೆಕ್ಕ ಖಾತ್ರಿಯಾ?” ಎಂದರು ಗುನಗರು.

ಖಾತ್ರಿಯಿತ್ತು. “ಹೌದು ಸರ್.”

“ಮಾಡು.”

ಇಲಿಯಾಸನಿಗೆ ಮುಂಚಿತವಾಗಿ ತಿಳಿಸಲೂ ದಾರಿ ಇರಲಿಲ್ಲ. ಅವಳು ಏನೇ ಬರೆದರೂ ಅದು ಬಿಡಿಸದೆ ಬಿದ್ದಿದ್ದ ರಾಶಿಯ ಹಿಂದೆ ಸಾಲು ನಿಲ್ಲಬೇಕಿತ್ತು. ಎರಡು ಗಂಟೆ ಮೂವತ್ತೆಂಟಕ್ಕೆ ಅವಳು ಸಂಪರ್ಕ ಕಡಿದಳು. ಪರದೆಯ ಪಟ್ಟಿ ಬೂದುಬಣ್ಣಕ್ಕೆ ತಿರುಗಿತು.

ನಾಲ್ಕನೆಯ ಪ್ರಯತ್ನ. ಶಾನಭಾಗರು ಕೀಲಿ ಕಳಿಸಿದರು. ಹೋಯಿತು, ಮರಳಿ ಬಂತು, ಕೊನೆಯ ಒಂದು ಹೆಜ್ಜೆಯಲ್ಲಿ ನಿಂತುಹೋಯಿತು.

“ತಂತಿ ಓಲಾಡ್ತಿದೆ,” ಎಂದರು ಮಿನೆಜಸ್. “ಹಡಗು ಅಲೆಗೆ ಏಳ್ತದೆ, ಇಳೀತದೆ, ಅದರ ಜತೆ ದೀಪ.”

“ಎಷ್ಟು ಹೊತ್ತಿಗೊಮ್ಮೆ ಓಲಾಡ್ತದೆ ಕ್ಯಾಪ್ಟನ್?” ಮೇದಿನಿ ರೇಡಿಯೋ ಕಸಿದುಕೊಂಡು ಕೇಳಿದಳು.

“ಹೆಚ್ಚುಕಡಿಮೆ ಒಂಬತ್ತು ಸೆಕೆಂಡಿಗೊಮ್ಮೆ.”

“ಅಲೆ ಇಳಿದು ಹಡಗು ಸಮ ಆದ ತಕ್ಷಣ ‘ಈಗ’ ಅನ್ನಿ. ಅಷ್ಟೇ ಸಾಕು.”

ಶಾನಭಾಗರ ಬೆರಳು ಕೀಲಿಯ ಮೇಲಿತ್ತು. ರೇಡಿಯೋದಲ್ಲಿ ಗಾಳಿಯ ಸದ್ದು. ಒಂದು ಅಲೆ ಹೋಯಿತು, ಮಿನೆಜಸ್ ಏನೂ ಅನ್ನಲಿಲ್ಲ. ಇನ್ನೊಂದೂ ಹೋಯಿತು. ಮೇದಿನಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ತಾನು ತಂಗಿಯನ್ನು ಉಳಿಸುತ್ತಿದ್ದೇನೋ ಕೊಲ್ಲುತ್ತಿದ್ದೇನೋ ಎಂಬ ಯೋಚನೆ ಬಂದದ್ದನ್ನು ಅದುಮಿಬಿಟ್ಟಳು.

“ಈಗ!”

ಐದನೆಯ ಪ್ರಯತ್ನ. ಕೀಲಿ ಹೋಯಿತು, ಮರಳಿ ಬಂತು, ಮತ್ತೆ ಹೋಯಿತು. 

ಪಟ್ಟಿ ಹಸಿರಾಯಿತು. ಹಸಿರಾದದ್ದನ್ನು ಅವರು ಸರಿಯಾಗಿ ನೋಡುವಷ್ಟರಲ್ಲೇ ಕಾಲು ಭಾಗ ತುಂಬಿತು, ಅರ್ಧವಾಯಿತು, ಮುಕ್ಕಾಲಾಯಿತು. ಗುನಗರು ಎಣಿಸಲು ಶುರುಮಾಡಿದ್ದರು. ಹತ್ತೊಂಬತ್ತು ಎನ್ನುವಾಗ ಪಟ್ಟಿ ತುದಿ ಮುಟ್ಟಿತು. ಬೆಳಿಗ್ಗೆಯಿಂದ ಇಳಿಸಲಾಗದಿದ್ದ ಒಂದು ಕೋಟಿ ಅರವತ್ತು ಲಕ್ಷ ಅಕ್ಷರ ಪೂರ್ತಿಯಾಗಿ ಕೆಳಗೆ ಮುಟ್ಟಿತ್ತು.

ಇಲಿಯಾಸನ ಸಾಲು ಬಂತು: “ಬಂತು! ಎಲ್ಲ ಬಂತು! ಕೋಶಕ್ಕೆ ಹತ್ತುತ್ತಿದ್ದೇವೆ.”

ಶಾನಭಾಗರು ಕುರ್ಚಿಯಿಂದ ಎದ್ದು, ಜೀವಮಾನದಲ್ಲಿ ಯಾರನ್ನೂ ಅಪ್ಪಿಕೊಂಡಿರದವರಂತೆ ಅಡ್ಡಾದಿಡ್ಡಿಯಾಗಿ, ಪಕ್ಕದಲ್ಲಿದ್ದ ಗುನಗರನ್ನು ಅಪ್ಪಿಕೊಂಡರು.

ಎರಡು ಐವತ್ತೆಂಟಕ್ಕೆ ಹಿಡಿಕೆಗಳು ಒಂದೊಂದಾಗಿ, ಲೆಕ್ಕದ ಪ್ರಕಾರ, ಬಿಟ್ಟುಕೊಂಡವು. ತೇಲುಗೂಡು ಓರೆಯಾಗಿಯೇ ಹೊರಟು, ಹದಿನೈದು ಮೀಟರ್ ಮೇಲೇರಿ ನೆಟ್ಟಗಾಯಿತು. ಹತ್ತೊಂಬತ್ತು ನಿಮಿಷ ಅದು ಕತ್ತಲೆಯಿಂದ ನಸುಗಪ್ಪಿಗೆ, ನಸುಗಪ್ಪಿನಿಂದ ನೀಲಿಗೆ, ನೀಲಿಯಿಂದ ಹಸಿರಿಗೆ ಏರಿತು. ಮೂರು ಹದಿನೇಳಕ್ಕೆ ಸಮುದ್ರಸಖಿಯ ಬಲಗಡೆ ಇನ್ನೂರು ಮೀಟರ್ ದೂರದಲ್ಲಿ ನೀರು ಸೀಳಿಕೊಂಡು ಮೇಲೆದ್ದಿತು. ಹಡಗಿನವರು ಶಿಳ್ಳೆ ಹಾಕಿದ್ದು ರೇಡಿಯೋದಲ್ಲಿ ಕೇಳಿತು. ಮೇದಿನಿ ಮನೆಗೆ ಫೋನ್ ಹಚ್ಚಿದಳು.

ಐದೂವರೆಗೆ ಹೆಲಿಕಾಪ್ಟರ್ ಕೇಂದ್ರದ ಹಿಂದಿನ ಮೈದಾನದಲ್ಲಿ ಇಳಿಯಿತು. ದೇವಮ್ಮ ಮತ್ತು ಶಮೀಮಾ ಗಾಳಿಗೆ ಸೆರಗು ಹಿಡಿದುಕೊಂಡು ಮುಂದೆಯೇ ನಿಂತಿದ್ದರು. ಡಾ. ಕುಸುಮಾಕರರನ್ನು ಸ್ಟ್ರೆಚರಿನಲ್ಲಿ ಇಳಿಸಿದರು. ಇಲಿಯಾಸ್ ಇಳಿದವನೇ ಹೆಂಡತಿಯ ಹೆಗಲಿಗೆ ತಲೆಯಿಟ್ಟು ನಿಂತುಬಿಟ್ಟ. ಅವನಿ ಕೊನೆಯಲ್ಲಿ ಇಳಿದಳು. ಹಣೆಗೆ ಪಟ್ಟಿ, ಮೈಮೇಲೆ ಯಾರದ್ದೋ ದೊಡ್ಡ ಅಂಗಿ. ತಾಯಿ ಅವಳ ಮುಖ, ತೋಳು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಇವೆಯೇ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ.

ಆಮೇಲೆ ಅಕ್ಕತಂಗಿ ಮೈದಾನದ ಅಂಚಿನ ಕಟ್ಟೆಯ ಮೇಲೆ ಕೂತರು. ಅವನಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮಾತಾಡತೊಡಗಿದಳು.

“ಅಕ್ಕಾ, ಆ ನೀಲಿ ದೀಪ ಬಂದಾಗ ಒಳಗೆಲ್ಲ ಬೆಳಕಾಯ್ತು ಗೊತ್ತಾ? ಬೆಳಿಗ್ಗೆಯಿಂದ ಟಾರ್ಚಲ್ಲೇ ಇದ್ವಿ. ಕಿಟಕಿಯಲ್ಲಿ ದೀಪ ಮಿನುಗ್ತಾ ಇತ್ತು, ಮೂವರೂ ಅದನ್ನೇ ನೋಡ್ತಾ ಕೂತಿದ್ವಿ. ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಪೂರ್ತಿ ಕತ್ತಲೆ. ಇಲಿಯಾಸ್ ‘ಹೋಯ್ತು, ದೀಪ ಕೆಟ್ಟಿತು’ ಅಂದ. ಡಾಕ್ಟರು ಮಂತ್ರ ಹೇಳೋಕೆ ಶುರು ಮಾಡಿದ್ರು.”

“ನೀನು?”

“ನಾನು ಇಲ್ಲ ಅಂದೆ. ಕೆಟ್ಟಿದ್ದಲ್ಲ, ಅಕ್ಕ ಏನೋ ಬದಲಾಯಿಸ್ತಾ ಇದ್ದಾಳೆ. ಯಾಕೆ ಅಂತ ಗೊತ್ತಿಲ್ದೆ ಅವಳು ಏನನ್ನೂ ಆರಿಸೋದಿಲ್ಲ ಅಂತ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹೊತ್ತಿಕೊಳ್ತು!”

ಮೇದಿನಿ ತಂಗಿಯ ಮುಖವನ್ನೇ ನೋಡಿದಳು. ಮೇಜಿನ ಅಂಚನ್ನು ಹಿಡಿದಿದ್ದ ಬೆರಳುಗಳ ಗೆಣ್ಣುಗಳು ಇನ್ನೂ ನೋಯುತ್ತಿದ್ದವು.

“ಆಗ ಎರಡು ಅಲೆ ದಾಟಿಹೋದವು ಮಾರಾಯ್ತಿ,” ಎಂದಳು. “ಆ ಎರಡು ಅಲೆಯ ಹೊತ್ತು ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ.”

“ಗೊತ್ತಿತ್ತು,” ಎಂದಳು ಅವನಿ, ಅವಳ ಕೈ ಹಿಡಿದುಕೊಂಡು. “ಅದಕ್ಕೇ ಆ ನಂಬಿಕೆಯನ್ನು ಕೆಳಗಿಂದ ನಾನು ಇಟ್ಟುಕೊಂಡಿದ್ದೆ.”